ಮಿನಿಮಮ್ 300 ಕಿಲೋಮೀಟರ್

ಕರ್ನಾಟಕದಲ್ಲಿ ಪ್ರವಾಸೋದ್ಯಮ ಇಲಾಖೆ ಅಂತ ಒಂದಿದೆ. ಅದಕ್ಕೆ ಸಚಿವರಿದ್ದಾರೆ, ನಿರ್ದೇಶಕರಿದ್ದಾರೆ, ಘೋಷವಾಕ್ಯವಿದೆ, ಆಗಾಗ ಬಿಡುಗಡೆಯಾಗುವ ನೀತಿಯೂ ಇದೆ. ಆದರೆ ಕನ್ನಡಿಗ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು, ಏನನ್ನು ನೋಡದೆ ವಾಪಸು ಬರಬೇಕು ಎಂದು ತೀರ್ಮಾನಿಸುವುದು ಈ ಇಲಾಖೆಯಲ್ಲ. ಟೆಂಪೊ ಟ್ರಾವೆಲರ್, ಅಂದರೆ ಟಿಟಿ, ಬಾಡಿಗೆಗೆ ಬಿಡುವವರ ರೇಟ್ ಕಾರ್ಡು.

ಆ ಕಾರ್ಡಿನಲ್ಲಿ ಇರುವುದು ಇಷ್ಟೆ. ದಿನಕ್ಕೆ ಮಿನಿಮಮ್ 300 ಕಿಲೋಮೀಟರ್, ಪರಿಚಯದವರಾದರೆ 250. ರಾತ್ರಿ 12ರಿಂದ ರಾತ್ರಿ 12ಕ್ಕೆ ಒಂದು ದಿನ. ಟೋಲು, ಪಾರ್ಕಿಂಗು, ಡ್ರೈವರ್ ಬಾಟಾ ಪ್ರತ್ಯೇಕ. ಎ.ಸಿ. ಗಾಡಿಗೆ ಒಂದು ರೇಟು, ಎ.ಸಿ. ಇಲ್ಲದ್ದಕ್ಕೆ ಇನ್ನೊಂದು, ಘಟ್ಟ ಹತ್ತುವಾಗ ಯಾವ ರೇಟಿನವರಿಗೂ ಎ.ಸಿ. ಇಲ್ಲ.

ಈಗ ಮನೆಯ ಯಜಮಾನರ ಲೆಕ್ಕ ನೋಡಿ. ಗಾಡಿ ಓಡಲಿ ಬಿಡಲಿ, 300 ಕಿಲೋಮೀಟರಿನ ದುಡ್ಡು ಕೊಡಲೇಬೇಕು. 90 ಕಿಲೋಮೀಟರ್ ಓಡಿಸಿ ಒಂದು ಊರಿನಲ್ಲಿ ಕಾಲು ಚಾಚಿ ಕೂತರೆ ಉಳಿದ 210 ಕಿಲೋಮೀಟರ್ ದಂಡ. ಹಾಗಾಗಿ ಊರು ನೋಡುವುದು ನಷ್ಟದ ಬಾಬ್ತು, ಊರು ದಾಟುವುದು ಲಾಭದ ಬಾಬ್ತು. ಕೊಟ್ಟ ಕಾಸಿಗೆ ಮೋಸವಾಗಬಾರದೆಂದು ಪಟ್ಟಿಗೆ ಒಂದೊಂದೇ ಊರು ಸೇರುತ್ತ ಹೋಗುತ್ತದೆ: ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು, ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ‘ಟೈಮಿದ್ರೆ ಶೃಂಗೇರಿ, ಹೊರನಾಡು’. ಎಲ್ಲವೂ ಮೂರು ದಿನಕ್ಕೆ. ಇಡೀ ಕರಾವಳಿಯನ್ನು ಮೂರು ದಿನದಲ್ಲಿ ಹಿಡಿದವರು ಚರಿತ್ರೆಯಲ್ಲಿ ಯಾರೂ ಇಲ್ಲ. ಪೋರ್ಚುಗೀಸರು ಹಡಗು, ಫಿರಂಗಿ ತಂದು ವರ್ಷಗಟ್ಟಲೆ ಹೆಣಗಿದರು. ಉಳ್ಳಾಲದ ರಾಣಿ ಅಬ್ಬಕ್ಕ ಅಡ್ಡ ನಿಂತಿದ್ದರಿಂದ ಅವರಿಗೂ ಆಗಲಿಲ್ಲ. ಟಿಟಿಗೆ ಅಡ್ಡ ನಿಲ್ಲುವವರು ಯಾರು?

ಹನ್ನೆರಡರ ನಿಯಮದಿಂದ ಇನ್ನೊಂದು ಸಂಪ್ರದಾಯ ಹುಟ್ಟಿಕೊಂಡಿದೆ. ರಾತ್ರಿ ಹತ್ತಕ್ಕೆ ಹೊರಟರೆ ಎರಡು ಗಂಟೆಗೆ ಒಂದು ಪೂರ್ತಿ ದಿನದ ಬಾಡಿಗೆ ಬೀಳುತ್ತದೆ. ಆದ್ದರಿಂದ ಲಾಂಗ್ ವೀಕೆಂಡಿನ ಹಿಂದಿನ ರಾತ್ರಿ ಬೆಂಗಳೂರಿನ ಬಡಾವಣೆಗಳಲ್ಲಿ ಹನ್ನೆರಡು ಕಳೆದು ಐದು ನಿಮಿಷಕ್ಕೆ ಗೇಟುಗಳ ಮುಂದೆ ತೆಂಗಿನಕಾಯಿ ಒಡೆಯುವ ಸದ್ದು ಕೇಳುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು, ಸೀಟಿನ ಕೆಳಗೆ ಪುಳಿಯೋಗರೆ ಡಬ್ಬಿ, ಕೈಯಲ್ಲಿ ವಾಂತಿಯ ಕವರು, ನಾಲಿಗೆಯ ಮೇಲೆ ಅವೊಮಿನ್ ಮಾತ್ರೆ. ಹಿಂದೆ ಪ್ರಯಾಣಕ್ಕೆ ಮುಹೂರ್ತ ಇಟ್ಟುಕೊಡುತ್ತಿದ್ದವರು ಜೋಯಿಸರು. ಈಗ ಆ ಕೆಲಸ ಟ್ರಾವೆಲ್ಸಿನವರದು, ರಾಹುಕಾಲ ಯಾವುದೆಂದು ಅವರನ್ನು ಕೇಳಿದವರಿಲ್ಲ.

ಈ ದಂಡಯಾತ್ರೆಯಲ್ಲಿ ಮಂಗಳೂರಿಗೆ ಸಿಗುವುದು ಅರ್ಧ ದಿನ. ಪುಣ್ಯಕ್ಷೇತ್ರ ಎನ್ನೋಣವೆಂದರೆ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಕ್ಷೇತ್ರಗಳಿವೆ. ಮೋಜಿನ ಊರು ಎನ್ನೋಣವೆಂದರೆ ಗೋವಾದ ಹೆಸರಿಲ್ಲ. ಎರಡು ದರ್ಶನಗಳ ನಡುವೆ ಮಕ್ಕಳ ಬಾಯಿ ಮುಚ್ಚಿಸಲು ಇಟ್ಟ ಊರು ಅದು. ನಾನು ಘಟ್ಟದ ಮೇಲಿನವನು, ಕೆಲಸಕ್ಕೆಂದು ಇಳಿದು ಇಲ್ಲೇ ಉಳಿದವನು. ಹೀಗಾಗಿ ನಮ್ಮ ಬಂಧುಬಳಗಕ್ಕೆಲ್ಲ ನಾನು ಸಂಬಳವಿಲ್ಲದ ಗೈಡು. ಕಳೆದ ಸಲ ಬಂದದ್ದು ಅಕ್ಕ-ಭಾವನ ಟಿಟಿ. ಧರ್ಮಸ್ಥಳದಿಂದ ಭಾವನ ಫೋನು.

“ನೋಡಯ್ಯಾ, ಹತ್ತಕ್ಕೆ ಮಂಗ್ಳೂರು ಟಚ್ ಆಗ್ತೀವಿ. ಎರಡೂವರೆಗೆ ಬಿಡಲೇಬೇಕು. ಅಷ್ಟರಲ್ಲಿ ಎಲ್ಲಾ ತೋರಿಸಿಬಿಡು.”

“ಎಲ್ಲಾ ಅಂದ್ರೆ ಏನೇನು ಭಾವ?”

“ಎಲ್ಲಾ ಅಂದ್ರೆ ಎಲ್ಲಾ. ಒಂದು ಚರ್ಚು, ಒಂದು ಬೀಚು, ಐಸ್‌ಕ್ರೀಮು.”

ಹತ್ತಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಪಂಪ್‌ವೆಲ್ ದಾಟುವುದೇ ತಡವಾಯಿತಂತೆ. ಪಂಪ್‌ವೆಲ್ಲಿನ ಮಹಿಮೆ ಹೊರಗಿನವರಿಗೆ ತಿಳಿಯದು. ಅಲ್ಲೊಂದು ಮೇಲ್ಸೇತುವೆಯನ್ನು ವರ್ಷಾನುಗಟ್ಟಲೆ ಕಟ್ಟಿದರು. ಇನ್ನೇನು ತಿಂಗಳಲ್ಲಿ ಮುಗಿಯುತ್ತದೆ ಎಂಬ ಹೇಳಿಕೆ ಊರಿನವರ ಮದುವೆಮನೆ ಜೋಕಾಗಿ, ಮೊಬೈಲುಗಳಲ್ಲಿ ಮೀಮಾಗಿ, ಕೊನೆಗೆ 2020ರ ಜನವರಿಯ ಕಡೆಯ ದಿನ ಸೇತುವೆ ನಿಜಕ್ಕೂ ತೆರೆದಾಗ ಜೋಕು ಮಾಡುವವರಿಗೆ ಕೆಲಸ ತಪ್ಪಿತು. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಅದನ್ನು ಮೊದಲು ಹಾಕಬೇಕಿತ್ತು. ಮಂಗಳೂರಿಗರ ತಾಳ್ಮೆಗೆ ಅಷ್ಟು ದೊಡ್ಡ ಸ್ಮಾರಕ ಬೇರೆ ಇಲ್ಲ.

ಮೊದಲು ಚರ್ಚು. ಅಂದರೆ ಲೈಟ್‌ಹೌಸ್ ಹಿಲ್ಲಿನ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಕಾಲೇಜು ಶುರುವಾದದ್ದು 1880ರಲ್ಲಿ, ಚಾಪೆಲ್ ಎದ್ದದ್ದು ಅದರ ನಾಲ್ಕೈದು ವರ್ಷದ ಮೇಲೆ. ಇಟಲಿಯ ಬೆರ್ಗಮೊ ಕಡೆಯ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ಯುಯಿಟ್ ಬ್ರದರ್ 1899ರಲ್ಲಿ ಬಂದು ಸುಮಾರು ಎರಡು ವರ್ಷ ಕೂತು ಇದರ ಚಾವಣಿ, ಗೋಡೆ, ಕಮಾನುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಕೆಲವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಕೂರಿಸಬೇಕು. ಒಣಗಿತೋ, ಕೆರೆದು ತೆಗೆದು ಮತ್ತೆ ಗಾರೆ ಬಳಿಯಬೇಕು. ಅಂದಂದಿನ ಗಾರೆಗೆ ಅಂದಂದಿನ ಚಿತ್ರ. ಚಾವಣಿಯ ಮೇಲೆ ಅಲೋಶಿಯಸ್ ಗೊನ್ಜಾಗನ ಕತೆಯಿದೆ: ಸಿರಿವಂತ ಮನೆತನದ ಹಿರಿಮಗ, ಆಸ್ತಿಯ ಹಕ್ಕು ಬಿಟ್ಟುಕೊಟ್ಟು ಸನ್ಯಾಸ ಹಿಡಿದವನು, ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳ ಸೇವೆಗೆ ನಿಂತು ತಾನೂ ರೋಗ ಅಂಟಿಸಿಕೊಂಡು 1591ರಲ್ಲಿ ಸತ್ತವನು. ವಯಸ್ಸು 23. ಮೊಸ್ಕೇನಿಯೂ ಊರಿಗೆ ಮರಳಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಇಲ್ಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಗೆ ಆ ಬಣ್ಣ ಕಂದತೊಡಗಿ 1990ರ ದಶಕದ ಆರಂಭದಲ್ಲಿ ಪರಿಣತರನ್ನು ಕರೆಸಿ ಸರಿಪಡಿಸಬೇಕಾಯಿತು.

ಇದನ್ನೆಲ್ಲ ನಾನು ಮೆಟ್ಟಿಲ ಬಳಿಯೇ ಹೇಳತೊಡಗಿದ್ದೆ. ಹನ್ನೆರಡು ಜನರೂ ತಲೆಯಾಡಿಸುತ್ತಲೇ ಮೊಬೈಲು ಹೊರತೆಗೆದರು. ಬಾಗಿಲಲ್ಲಿ ಬೋರ್ಡು: ಒಳಗೆ ಫೋಟೊ ತೆಗೆಯಬಾರದು.

ಆಮೇಲೆ ಅಲ್ಲಿ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಇಷ್ಟು ದೊಡ್ಡ ಚಾವಣಿ ತಲೆಯ ಮೇಲಿದೆ, ಕೈ ಖಾಲಿಯಿದೆ. ಬರಿಗಣ್ಣಿನಲ್ಲಿ ನೋಡುವ ಅಭ್ಯಾಸ ತಪ್ಪಿಹೋಗಿದೆ. ಸೊಸೆಯಂದಿರು ಒಂದು ಸುತ್ತು ಬಂದರು. ಹುಡುಗರು ಫ್ಯಾನು ಎಲ್ಲಿದೆ ಎಂದು ನೋಡಿದರು. ಭಾವನ ತಮ್ಮ ಕಂಬವೊಂದನ್ನು ಬೆರಳಿನಿಂದ ತಟ್ಟಿ “ಇದು ಪೇಂಟೋ, ಮಾರ್ಬಲ್ಲೋ?” ಎಂದರು, ಉತ್ತರಕ್ಕೆ ಕಾಯಲಿಲ್ಲ. ಏಳು ನಿಮಿಷದಲ್ಲಿ ಎಲ್ಲರೂ ಹೊರಗೆ ಬಂದು, ಸಾದಾ ಬಿಳಿಗೋಡೆಯ ಮುಂದೆ ಸಾಲಾಗಿ ನಿಂತು, ಮೂವತ್ತು ಫೋಟೊ ತೆಗೆದುಕೊಂಡರು.

“ಫೋಟೊ ತೆಗೆಯೋಕೆ ಬಿಡಲ್ಲ ಅಂತ ಮೊದಲೇ ಹೇಳಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ವಲ್ಲಯ್ಯಾ,” ಎಂದರು ಭಾವ. ನ್ಯಾಯವಾದ ಮಾತೇ.

ಒಳಗೆ ಉಳಿದದ್ದು ಅವರ ತಾಯಿ ಒಬ್ಬರೇ. ಮಂಡಿನೋವು, ಮೆಟ್ಟಿಲು ಹತ್ತಿ ಸಾಕಾಗಿ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಕೂತವರಿಗೆ ಬೇರೆ ಕೆಲಸವಿಲ್ಲದೆ ಮೇಲೆ ನೋಡಿದ್ದಾರೆ. ನಾನು ಕರೆಯಲು ಹೋದಾಗ “ಇದನ್ನ ಮಲಕ್ಕೊಂಡು ಬರೆದ್ನೇನಪ್ಪಾ ಅವ್ನು? ಕತ್ತು ಹಿಡ್ಕೊಳ್ಳಿಲ್ವೆ?” ಎಂದು ಕೇಳಿದರು. ಇಡೀ ದಿನದಲ್ಲಿ ಚಿತ್ರದ ಬಗ್ಗೆ ಬಂದ ಏಕೈಕ ಪ್ರಶ್ನೆ. ಹಾಗೆಂದು ಅಜ್ಜಿಗೆ ಕಲಾಸಕ್ತಿಯ ಪಟ್ಟ ಕಟ್ಟುವುದು ಬೇಡ. ಮಂಡಿ ಗಟ್ಟಿಯಿದ್ದಿದ್ದರೆ ಅವರೂ ಏಳು ನಿಮಿಷದಲ್ಲಿ ಹೊರಬರುತ್ತಿದ್ದರು. ಈ ಕಾಲದಲ್ಲಿ ಏನನ್ನಾದರೂ ನೋಡಬೇಕಾದರೆ ಒಂದು ಸಣ್ಣ ಕಾಯಿಲೆಯಾದರೂ ಬೇಕು.

ಅಲ್ಲಿಂದ ಕದ್ರಿಗೆ ಹೋಗುವ ದಾರಿಯಲ್ಲಿ ಬಲ್ಮಠ ಬರುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಬೇರೂರಿದ ಜಾಗಗಳಲ್ಲೊಂದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ್ದು ಈ ಊರಿನಿಂದ, ಕಲ್ಲಚ್ಚಿನಲ್ಲಿ. ಇವತ್ತಿಗೂ ಜುಲೈ 1ರಂದು ರಾಜ್ಯದ ತುಂಬ ಪತ್ರಿಕಾ ದಿನಾಚರಣೆ, ಹಾರ, ಶಾಲು, ಪ್ರಶಸ್ತಿ. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಗಿ ಹೊರಬಂದದ್ದೂ ಇದೇ ಊರಿನ ಅದೇ ಮಿಷನ್ನಿನಿಂದ. ಭಾವ ಕನ್ನಡದ ಹೆಸರಿನ ಹಲವು ವಾಟ್ಸಾಪ್ ಗುಂಪುಗಳ ಸದಸ್ಯರು. ನವೆಂಬರ್ ಒಂದರಂದು ಹಳದಿ-ಕೆಂಪು ಶಾಲು ಹೊದ್ದು ಡಿಪಿ ಬದಲಿಸುವವರು. “ಭಾವ, ಬಲಗಡೆ ನೋಡಿ, ಇದೇ ಬಲ್ಮಠ” ಎಂದೆ. ಅವರು ಬಲಗಡೆ ನೋಡಿದರು. ಬಲಗಡೆ ಸಿಗ್ನಲ್ಲಿನಲ್ಲಿ ನಿಂತ ಸಿಟಿ ಬಸ್ಸಿತ್ತು. “ಸಿಟಿ ಬಸ್ಸೆಲ್ಲ ಪ್ರೈವೇಟಾ ಇಲ್ಲಿ?” ಎಂದು ಆಶ್ಚರ್ಯಪಟ್ಟರು.

ಭಾವನ ಬಗ್ಗೆ ಇನ್ನೊಂದು ಮಾತು. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ. ಪಕ್ಕದ ಉಡುಪಿಯಲ್ಲಿ ಹುಟ್ಟಿದವು ಬೇರೆ. ಅವರು ಈ ಮೂರರಲ್ಲೊಂದರಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಉಪ್ಪು ತಿಂದ ಮನೆಯ ಊರು. ನಾಲ್ಕು ಅಂಗಡಿಯವರು, ಇಬ್ಬರು ವಕೀಲರು ಸೇರಿ ಬ್ಯಾಂಕು ಕಟ್ಟುವಂಥ ಹುಚ್ಚು ಈ ಜಿಲ್ಲೆಯವರಿಗೇ ಯಾಕೆ ಹಿಡಿಯಿತು ಎಂಬುದು ಅರ್ಧ ದಿನ ಕೂತು ಮಾತಾಡಬಹುದಾದ ವಿಷಯ. ನಾನು ಎತ್ತಿದೆ. “ಬ್ಯಾಂಕ್ ನೋಡೋಕೆ ಟಿಟಿ ಮಾಡ್ಕೊಂಡು ಬರ್ಬೇಕಾ?” ಎಂದು ಭಾವ ಮುಗಿಸಿದರು. ಹಿಂದಿನ ಸೀಟಿನಿಂದ ನಗು ಬಂತು. ಹಿಂದೆಯೇ ಅಂತ್ಯಾಕ್ಷರಿ ಶುರುವಾಯಿತು.

ಕದ್ರಿಯಲ್ಲಿ ಭಕ್ತಿಯಿಂದಲೇ ಇಳಿದರು. ದೇವಸ್ಥಾನದಲ್ಲಿ ನಮ್ಮವರು ಚಾಪೆಲ್ಲಿನಲ್ಲಿದ್ದಂತೆ ತಬ್ಬಿಬ್ಬಾಗುವುದಿಲ್ಲ. ಕೈಗೆ ಕೆಲಸವಿದೆ, ಬಾಯಿಗೆ ಪ್ರಸಾದವಿದೆ. ಹಿಂದಿನ ದಿನ ಧರ್ಮಸ್ಥಳದಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತು ಮಂಜುನಾಥನನ್ನು ನೋಡಿ ಬಂದವರು ಇವರು. ಆ ಲಿಂಗ ಅಣ್ಣಪ್ಪ ದೈವದ ಮೂಲಕ ಹೋದದ್ದು ಇದೇ ಕದ್ರಿಯಿಂದ ಎಂದು ಸ್ಥಳಪುರಾಣ ಹೇಳುತ್ತದೆ. ಅಂದರೆ ಇದು ತವರುಮನೆ. ಟಿಟಿಯ ಪಟ್ಟಿಯಲ್ಲಿ ಮಾತ್ರ ಕದ್ರಿಯ ಮುಂದೆ ‘ಟೈಮಿದ್ರೆ’ ಎಂದು ಬರೆದಿತ್ತು.

ಅಲ್ಲಿಯೇ ಒಂದು ಕಂಚಿನ ವಿಗ್ರಹವಿದೆ, ಲೋಕೇಶ್ವರ. ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ ಆಳುಪರ ಕುಂದವರ್ಮ 968ರಲ್ಲಿ ಮಾಡಿಸಿದ್ದು. ಬೌದ್ಧರ ಅವಲೋಕಿತೇಶ್ವರನೋ, ನಾಥಪಂಥದ ಶಿವನೋ ಎಂದು ವಿದ್ವಾಂಸರು ಬಹಳ ಕಾಲ ಚರ್ಚಿಸಿದ್ದಾರೆ. ಸಾವಿರ ವರ್ಷ ದಾಟಿದ, ಆಳೆತ್ತರಕ್ಕೆ ಸಮೀಪದ ಅಂಥ ಕಂಚು ದಕ್ಷಿಣದಲ್ಲಿ ಬೆರಳೆಣಿಕೆಯಷ್ಟು. ನಮ್ಮವರು ಅದರ ಮುಂದೆ ಒಂದು ಕೈ ಎದೆಗೆ ಮುಟ್ಟಿಸಿ, ಇನ್ನೊಂದು ಕೈಯಲ್ಲಿ ಚಪ್ಪಲಿ ಟೋಕನ್ ಹುಡುಕುತ್ತ ದಾಟಿದರು. ಅಕ್ಕ ಮಾತ್ರ ನಿಂತು “ಇವ್ರಿಗೇನು ಸೇವೆ ಮಾಡಿಸ್ತಾರೆ?” ಎಂದು ವಿಚಾರಿಸಿದಳು. ಹಿಂದಿನ ಗುಡ್ಡದಿಂದ ಗೋಮುಖದಲ್ಲಿ ಬೀಳುವ ನೀರನ್ನು ಎರಡು ಬಾಟಲಿಗೆ ತುಂಬಿಸಿಕೊಂಡಳು. ಮಧ್ಯಾಹ್ನ ಗಾಡಿಯ ರೇಡಿಯೇಟರಿಗೆ ಬಿದ್ದದ್ದು ಅದೇ ನೀರು.

ಈಗ ಊಟದ ಪ್ರಶ್ನೆ. ಬೆಂಗಳೂರಿನಲ್ಲಿ ಮಂಗಳೂರು ಬನ್ಸು, ಗೋಳಿಬಜೆ, ನೀರುದೋಸೆ ಎಂದು ಬೋರ್ಡು ಹಾಕಿದ ಹೋಟೆಲಿಗೆ ಭಾನುವಾರ ಸಾಲು ನಿಂತು, ತಟ್ಟೆಗೆ ದುಬಾರಿ ತೆತ್ತು, “ಅಥೆಂಟಿಕ್ ಕಣ್ರೀ” ಎನ್ನುವ ಕುಟುಂಬವಿದು. ಮಂಗಳೂರಿಗೇ ಬಂದಾಗ ಕೇಳಿದ್ದು “ನಾರ್ತ್ ಇಂಡಿಯನ್ ಎಲ್ಲಿ ಸಿಗುತ್ತೆ?” ಕುಚಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲವಂತೆ, ಎಲ್ಲದಕ್ಕೂ ತೆಂಗಿನೆಣ್ಣೆ ವಾಸನೆಯಂತೆ. ಬಟರ್ ನಾನು, ಪನ್ನೀರು, ಗೋಬಿ ಮಂಚೂರಿ ತಿಂದರು. ನಡುವೆ ಅಕ್ಕನ ಮಗ ಇಪ್ಪತ್ತು ನಿಮಿಷ ಕಾಣೆಯಾದ. ಬಂದಾಗ ಬೆರಳು ಮೂಸಿಕೊಳ್ಳುತ್ತಿದ್ದ. “ಅಮ್ಮಂಗೆ ಹೇಳ್ಬೇಡ ಮಾಮ” ಎಂದ. ಪಕ್ಕದ ಗಲ್ಲಿಯ ಊಟದ ಹೋಟೆಲಿನಲ್ಲಿ ಎರಡು ಕಾಣೆ ಮೀನಿನ ಫ್ರೈ ತಿಂದಿದ್ದನಂತೆ. ಕಾಣೆಯಾಗಿ ಕಾಣೆ ತಿಂದ ಈ ಹುಡುಗನೊಬ್ಬನೇ ಮಂಗಳೂರಿಗೆ ಬಂದು ಮಂಗಳೂರಿನದೇ ಏನನ್ನಾದರೂ ಅನುಭವಿಸಿದವನು ಎಂದು ನನ್ನ ತೀರ್ಪು.

ಐಸ್‌ಕ್ರೀಮು ಬಂತು. ಮಂಗಳೂರಿನದೇ ಲಾಲ್‌ಬಾಗಿನ ಪಾರ್ಲರು, ರಸ್ತೆಯವರೆಗೆ ಸಾಲು, ಟೋಕನ್ನು. ಬೆಳಗಿನಿಂದ “ಬೇಗ ಬೇಗ” ಎನ್ನುತ್ತಿದ್ದ ಭಾವ ಇಲ್ಲಿ ಮೌನಿಯಾದರು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರೂ ಗಡಿಯಾರ ನೋಡಲಿಲ್ಲ. ಒಂದೂವರೆ ಗಂಟೆಯ ಮೇಲೆ ಎದ್ದರು. ಗಡ್‌ಬಡ್ ಎಂಬ ಎತ್ತರದ ಲೋಟವನ್ನು ಮಾತ್ರ ಎಲ್ಲರೂ ಕಲಾವಿಮರ್ಶಕರ ಶ್ರದ್ಧೆಯಿಂದ ಪರಿಶೀಲಿಸಿದರು: ತಳದಲ್ಲಿ ಯಾವ ಬಣ್ಣ, ಮೇಲೆ ಯಾವ ಬಣ್ಣ, ಜೆಲ್ಲಿ ಎಲ್ಲಿ ಕೂತಿದೆ, ಗೋಡಂಬಿ ಎಷ್ಟು ಆಳದಲ್ಲಿದೆ. ಇದು ಉಡುಪಿಯಲ್ಲಿ ಹುಟ್ಟಿತೋ ಮಂಗಳೂರಿನಲ್ಲಿ ಹುಟ್ಟಿತೋ ಎಂಬ ಜಗಳ ಎರಡೂ ಊರುಗಳಲ್ಲಿ ಜೀವಂತವಾಗಿದೆ ಎಂದೆ. ಹನ್ನೆರಡೂ ಜನ ಕಿವಿಗೊಟ್ಟು ಕೇಳಿದರು. ಮೊಸ್ಕೇನಿ ಬದುಕಿದ್ದರೆ ನಾನು ಅವರಿಗೆ ಹೇಳುತ್ತಿದ್ದೆ: ಬ್ರದರ್, ಗಾರೆ ಬೇಡ, ಗಾಜಿನ ಲೋಟ ಹಿಡಿಯಿರಿ.

ಎರಡೂವರೆ ಎಂದದ್ದು ನಾಲ್ಕಾಯಿತು. ಸುಲ್ತಾನ್ ಬತ್ತೇರಿಯನ್ನು ಗಾಡಿಯಲ್ಲಿ ಕೂತೇ ನೋಡಿದೆವು. 1784ರಲ್ಲಿ ಟಿಪ್ಪು, ಗುರುಪುರ ನದಿಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಕಟ್ಟಿಸಿದ ಕಪ್ಪುಕಲ್ಲಿನ ಬುರುಜು. ಹೆಸರು ಹೇಳಿದ್ದೇ ತಡ, ಭಾವ ಒಂದು ಪಕ್ಷ, ಅವರ ತಮ್ಮ ಒಂದು ಪಕ್ಷ. ಒಬ್ಬರ ಮೊಬೈಲಿನಲ್ಲಿ ಟಿಪ್ಪು ವೀರ, ಇನ್ನೊಬ್ಬರ ಮೊಬೈಲಿನಲ್ಲಿ ಕ್ರೂರಿ. ಎರಡೂ ಕಡೆಯ ಫಾರ್ವರ್ಡುಗಳನ್ನು ಗಟ್ಟಿಯಾಗಿ ಓದಿದ್ದಾಯಿತು. ಬುರುಜಿಗೆ ಮೆಟ್ಟಿಲಿದೆ, ಹತ್ತಿದರೆ ಅಳಿವೆಯ ಕಡೆ ಕಾಣುತ್ತದೆ, ಕಂಡಿಗಳಿಂದ ಬಂದೂಕು ಇಣುಕಿಸಲು ಜಾಗ ಬಿಟ್ಟಿದ್ದಾರೆ ಎಂಬುದು ಚರ್ಚೆಗೆ ಬೇಕಾಗಲಿಲ್ಲ. ಆಚೆ ದಡದ ತಣ್ಣೀರುಬಾವಿಗೆ ಜನರನ್ನು ತುಂಬಿಕೊಂಡು ದೋಣಿ ಹೊರಟಿತು. ಇಬ್ಬರೂ ಅದನ್ನು ನೋಡಲಿಲ್ಲ.

ಕೊನೆಗೆ ಪಣಂಬೂರು. ಕಡಲು, ತೆರೆ, ಚರ್ಮುರಿಯ ಗಾಡಿಗಳು. ಪಕ್ಕದಲ್ಲೇ ನವಮಂಗಳೂರು ಬಂದರು, 1975ರಲ್ಲಿ ಉದ್ಘಾಟನೆಯಾದದ್ದು, ರಾಜ್ಯದ ಏಕೈಕ ಪ್ರಮುಖ ಬಂದರು. ಕುದುರೆಮುಖದ ಬೆಟ್ಟ ಅದಿರಾಗಿ ಕರಗಿ ಕೊಳವೆಯಲ್ಲಿ ಹರಿದು ಬಂದು ಹಡಗು ಹತ್ತಿದ್ದು ಇಲ್ಲೇ. ದೂರದಲ್ಲಿ ಸರದಿ ಕಾಯುವ ಹಡಗುಗಳು ಕಾಣುತ್ತವೆ. ಯಾವ ದೇಶದ್ದು, ಒಳಗೇನಿದೆ ಎಂದು ಮಕ್ಕಳು ಕೇಳಬಹುದಿತ್ತು. ಮಕ್ಕಳು ಕೇಳಿದ್ದು ಒಂಟೆಯನ್ನು. ಹೌದು, ಪಣಂಬೂರಿನಲ್ಲಿ ಒಂಟೆಯಿದೆ. ವರ್ಷಕ್ಕೆ ನಾಲ್ಕು ತಿಂಗಳು ಬಾವಿಯ ಬಾಯಿವರೆಗೆ ನೀರು ಬರುವ ಜಿಲ್ಲೆಯಲ್ಲಿ, ಮರುಭೂಮಿಯ ಪ್ರಾಣಿ ಕಣ್ಣು ಅರ್ಧ ಮುಚ್ಚಿಕೊಂಡು, ಕುತ್ತಿಗೆಗೆ ಪ್ಲಾಸ್ಟಿಕ್ ಹೂ ಕಟ್ಟಿಸಿಕೊಂಡು ನಿಂತಿರುತ್ತದೆ. ಕಡಲು ನೋಡಲು ಬಂದವರು ಕಡಲಿಗೆ ಬೆನ್ನು ಹಾಕಿ ಒಂಟೆಯ ಮೇಲೆ ಕೂತು ನಕ್ಕರು. ಬೆನ್ನು ಹಾಕುವುದು ಅನಿವಾರ್ಯ, ಸೆಲ್ಫಿಯಲ್ಲಿ ಕಡಲು ಹಿಂದೆ ಬರಬೇಕಲ್ಲ.

ಎಲ್ಲ ತಪ್ಪನ್ನೂ ಘಟ್ಟದ ಮೇಲಿನವರ ತಲೆಗೆ ಕಟ್ಟಿದರೆ ಇಲ್ಲಿನವರು ಹಿಗ್ಗಿಬಿಡುತ್ತಾರೆ, ಅದಕ್ಕೂ ಅವಕಾಶವಿಲ್ಲ. ಊರಿಗೆ ತನ್ನಲ್ಲಿರುವುದು ಏನೆಂದು ಗೊತ್ತಿದ್ದರೆ ಬಂದವರಿಗೆ ತೋರಿಸುತ್ತಿತ್ತು. ಹಂಪನಕಟ್ಟೆಯ ಹತ್ತಿರ ಒಂದು ಗಡಿಯಾರ ಗೋಪುರವಿತ್ತು. ವಾಹನಗಳಿಗೆ ಅಡ್ಡಿ ಎಂದು ಕೆಡವಿದರು. ಸ್ಮಾರ್ಟ್ ಸಿಟಿ ಬಂತು, ದುಡ್ಡು ಬಂತು, ಅದೇ ಜಾಗದಲ್ಲಿ ಮತ್ತೆ ಗೋಪುರ ಕಟ್ಟಿದರು. ವಾಹನಗಳು ಈಗ ಮೊದಲಿಗಿಂತ ಹೆಚ್ಚಿವೆ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು; ಮಂಗಳೂರು ಹೆಂಚು ಹಡಗು ಹತ್ತಿ ದೇಶಾಂತರ ಹೋಯಿತು, ಘಟ್ಟ ಹತ್ತಿ ನಮ್ಮ ಹಳ್ಳಿಮನೆಗಳ ಮಾಡಿಗೂ ಬಂತು. ಊರಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೆಂಚಿನ ಮನೆ ಬಿದ್ದಲ್ಲಿ ಅಪಾರ್ಟ್‌ಮೆಂಟು ಎದ್ದವು. ಹೆಂಚನ್ನು ಎಲ್ಲಿ, ಹೇಗೆ ಸುಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಆಟೊದವರಿಗೆ ಹೇಳಲು ವಿಳಾಸವಿಲ್ಲ. “ಅಲ್ಲಿ ಎಂತ ಉಂಟು ಮಾರಾಯ್ರೆ ನೋಡ್ಲಿಕ್ಕೆ? ಮಾಲಿಗೆ ಹೋಗಿ,” ಎನ್ನುತ್ತಾರೆ. ಭಾವನ ಕುಟುಂಬ ಊರಿನ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದು ಬಹಳ ಹಿಂದೇನಲ್ಲ. ಮಂಗಳೂರು ಬಿಟ್ಟ ದಿನ ರಾತ್ರಿ ಉಡುಪಿಯ ಆಚೆ ಅವರು ತಂಗಿದ್ದು ‘ಹೆರಿಟೇಜ್’ ಹೋಂಸ್ಟೇಯಲ್ಲಿ. ವಿಶೇಷತೆ: ಹೆಂಚಿನ ಮಾಡು. ತಲೆಗಿಷ್ಟು ಎಂದು ದುಡ್ಡು ಕೊಟ್ಟು ಅದರ ಕೆಳಗೆ ಮಲಗಿದರು.

ಇಷ್ಟೆಲ್ಲದರ ನಡುವೆ ಹದಿಮೂರನೆಯ ಒಬ್ಬನಿದ್ದ. ಹಾಸನದ ಕಡೆಯ ಹುಡುಗ, ಟಿಟಿಯ ಡ್ರೈವರ್. ಅವನ ದಿನಚರಿ ಕೇಳಿ. ಶುಕ್ರವಾರ ಹಗಲು ಇನ್ನಾವುದೋ ಬಾಡಿಗೆ. ರಾತ್ರಿ 12.05ಕ್ಕೆ ಬೆಂಗಳೂರು ಬಿಟ್ಟು ಬೆಳಕು ಹರಿಯುವ ಹೊತ್ತಿಗೆ ಧರ್ಮಸ್ಥಳ, ಸುಮಾರು 300 ಕಿಲೋಮೀಟರ್. ಇವರು ದರ್ಶನಕ್ಕೆ ನಿಂತಾಗ ಪಾರ್ಕಿಂಗಿನಲ್ಲಿ ಹಿಂದಿನ ಸೀಟಿನ ಮೇಲೆ ಮುದುಡಿ ಮಲಗಿದ್ದು ಎರಡು ಗಂಟೆ. ಮತ್ತೆ ಸುಬ್ರಹ್ಮಣ್ಯ, ಮತ್ತೆ ಧರ್ಮಸ್ಥಳ. ರಾತ್ರಿ ಗಾಡಿಯಲ್ಲೇ ಮಲಗಿದ. ಇವರ ರೂಮಿನಲ್ಲಿ ಜಾಗವಿರಲಿಲ್ಲ, ಸಾಮಾನಿತ್ತು. ಮಂಗಳೂರಿನಲ್ಲಿ ನಾವು ಎಲ್ಲಿ ಇಳಿದರೂ ಅವನು ಮೊದಲು ಮಾಡುತ್ತಿದ್ದದ್ದು ಸೀಟು ಹಿಂದಕ್ಕೆ ಬಾಗಿಸಿ ಮುಖದ ಮೇಲೆ ಟವೆಲು ಹಾಕಿಕೊಳ್ಳುವುದು. ಚಾಪೆಲ್ಲಿನಲ್ಲಿ ಏಳು ನಿಮಿಷಕ್ಕೆ ಎಬ್ಬಿಸಿದರು. ಕದ್ರಿಯಲ್ಲಿ ಪಾರ್ಕಿಂಗ್ ಸಿಗದೆ ಮಲಗಲೇ ಇಲ್ಲ. ಐಸ್‌ಕ್ರೀಮಿನವರು ಪುಣ್ಯಾತ್ಮರು, ಅಲ್ಲಿ ಮಾತ್ರ ಅವನಿಗೆ ಒಂದೂವರೆ ಗಂಟೆ ಸಿಕ್ಕಿತು. “ಈ ಊರಿಗೆ ತುಂಬಾ ಸಲ ಬಂದಿದೀನಿ ಸಾರ್. ಪಾರ್ಕಿಂಗ್ ಎಲ್ಲೆಲ್ಲಿ ನೆಳಲಲ್ಲಿದೆ ಅಂತ ಗೊತ್ತು,” ಎಂದ.

ಸೋಮವಾರ ಸಂಜೆ ಅವರು ಮುರುಡೇಶ್ವರ ಬಿಟ್ಟಾಗ ಐದು ಗಂಟೆ ಮೀರಿತ್ತಂತೆ. ಬೆಂಗಳೂರು ಮುಟ್ಟುವುದು ಹನ್ನೆರಡು ದಾಟಿದರೆ ಇನ್ನೊಂದು ದಿನದ ಬಾಡಿಗೆ. ಆ ಹೊತ್ತಿನಲ್ಲಿ ಮುರುಡೇಶ್ವರದಿಂದ ಬೆಂಗಳೂರಿಗೆ ಏಳು ಗಂಟೆಯಲ್ಲಿ ಹೋಗುವುದು ಹೇಗೆ? “ಸ್ವಲ್ಪ ತುಳಿಯಪ್ಪಾ” ಎಂದರಂತೆ ಭಾವ. ಘಟ್ಟದಲ್ಲಿ, ಕತ್ತಲೆಯಲ್ಲಿ, ಮೂರು ದಿನದಿಂದ ಸರಿಯಾಗಿ ಮಲಗದ ಹುಡುಗನಿಗೆ. ಇದನ್ನು ಭಾವ ನನಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರು, 12.20ಕ್ಕೆ ಮುಟ್ಟಿದರೂ ಚೌಕಾಸಿ ಮಾಡಿ ಅರ್ಧ ಬಾಡಿಗೆಗೆ ಇಳಿಸಿದರಂತೆ.

ಕಾನೂನು ಇರಲಿಲ್ಲವೆಂದಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಅದು ಅನ್ವಯವಾಗಲು ಸಂಸ್ಥೆಯಲ್ಲಿ ಕನಿಷ್ಠ ಐವರು ಕೆಲಸಗಾರರಿರಬೇಕಿತ್ತು. ಒಂದು ಗಾಡಿ, ಒಬ್ಬ ಡ್ರೈವರ್ ಇಟ್ಟುಕೊಂಡ ಟ್ರಾವೆಲ್ಸಿನ ಹುಡುಗನಿಗೆ ನಿದ್ದೆ ಬರುವುದಿಲ್ಲ ಎಂದು ಸಂಸತ್ತು ಭಾವಿಸಿರಬೇಕು.

ಆದ್ದರಿಂದ ಮುಂದಿನ ಲಾಂಗ್ ವೀಕೆಂಡಿಗೆ ಟಿಟಿ ಬುಕ್ ಮಾಡುವವರಲ್ಲಿ ಒಂದು ಕೇಳಿಕೆ. ಪಟ್ಟಿಯಿಂದ ಅರ್ಧದಷ್ಟು ಊರು ಹೊಡೆದುಹಾಕಿ. ದೇವರು ಕೋಪಿಸಿಕೊಳ್ಳುವುದಿಲ್ಲ, ಅವನಿಗೆ ಮಿಕ್ಕ ಟಿಟಿಗಳಿವೆ. ಲಾಡ್ಜಿನಲ್ಲಿ ಡ್ರೈವರಿಗೂ ಒಂದು ಮಂಚ ಬರೆಸಿ, ಅದರ ದುಡ್ಡು ನೀವೇ ಕೊಡಿ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಅವನಿಗೆ ಫೋನು ಮಾಡಬೇಡಿ. ಮಂಗಳೂರಿನಲ್ಲಾದರೆ ಇಡೀ ದಿನ ಮಲಗಲು ಬಿಡಿ. ಊರು ತಿರುಗಲು ಗಾಡಿ ಬೇಕಾಗಿಲ್ಲ. ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಎಲ್ಲ ದಿಕ್ಕಿಗೂ ಸಿಟಿ ಬಸ್ಸಿದೆ. ಚಿಲ್ಲರೆ ಇಟ್ಟುಕೊಂಡು ಹತ್ತಿ.